ಗುಡ್ಡದಡಿಯ ಒರತೆ

ನಮ್ಮೂರ ಗುಡ್ಡಗಳು ವರ್ಷಕ್ಕೊಂದು ಹೆಜ್ಜೆ ಇಡುತ್ತವೆ. ಮಾಗಿಯ ಚಳಿ ಕಳೆಯುವ ಹೊತ್ತಿಗೆ, ಒಂದು ಬೆಳಿಗ್ಗೆ, ಬಿಸಿಲು ಅಂಗಳಕ್ಕೆ ಇಳಿಯುವ ಮುಂಚೆ. ಮೊದಲು ನಾಯಿಗಳು ಬಾಲ ಮುದುರಿಕೊಂಡು ಸುಮ್ಮನಾಗುತ್ತವೆ. ಆಮೇಲೆ ಗುಡ್ಡದ ಹೊಟ್ಟೆಯೊಳಗೆ ಕಲ್ಲಿಗೆ ಕಲ್ಲು ತಿಕ್ಕುವ ಸದ್ದು ಕೇಳುತ್ತದೆ, ಬೀಸುವ ಕಲ್ಲು ತಿರುಗಿದ ಹಾಗೆ. ಒಲೆಯ ಮೇಲಿನ ಪಾತ್ರೆ ಒಂದಿಷ್ಟು ಅಲುಗಾಡುತ್ತದೆ. ಅಷ್ಟೇ. ಎದ್ದು ಹೋಗಿ ನೋಡಿದರೆ ಗುಡ್ಡ ಒಂದು ಮಾರು ತೆಂಕಲಿಗೆ ಓರೆಯಾಗಿ ಸರಿದಿರುತ್ತದೆ. ಬೇಲಿ ಇದ್ದವರು ಬೇಲಿ ಕಿತ್ತು ಈಚೆಗೆ ಹಾಕಿಕೊಳ್ಳುತ್ತಾರೆ, ಕೊಟ್ಟಿಗೆ ಇದ್ದವರು ದನ ಬಿಚ್ಚಿಕೊಂಡು ಹೊರಡುತ್ತಾರೆ. ಹೆಣ್ಣು ನೋಡಲು ಬಂದವರು ನಮ್ಮಲ್ಲಿ ಮೊದಲು ಕೇಳುವುದೇ, "ನಿಮ್ಮ ಮನೆಗೆ ಇನ್ನೆಷ್ಟು ವರ್ಷ ಇದೆ?" ಅಂತ. ಹನ್ನೆರಡಕ್ಕಿಂತ ಕಮ್ಮಿ ಅಂದರೆ ಕಾಫಿ ಕುಡಿದು ಎದ್ದುಬಿಡುತ್ತಾರೆ.

ಬಹಳ ಹಿಂದೆ ಉತ್ತರದ ಕಡೆಯಿಂದ ಹಿಮ ಬಂದಿತ್ತಂತೆ. ಬೆಟ್ಟದಷ್ಟು ಎತ್ತರದ ಹಿಮ, ಹರಿಯುವ ಹಿಮ. ದಾರಿಯಲ್ಲಿ ಸಿಕ್ಕ ಕಲ್ಲು ಮಣ್ಣನ್ನೆಲ್ಲ ಬಾಚಿಕೊಂಡು ಬಂದು, ಇಲ್ಲಿ ಸುರಿದು, ಕರಗಿಹೋಯಿತಂತೆ. "ಹಿಮ ಹೋಗಿದ್ದನ್ನ ಈ ಗುಡ್ಡಗಳಿಗೆ ಯಾರೂ ಹೇಳ್ಲಿಲ್ಲ ಕಣೆ, ಅದಕ್ಕೇ ಇನ್ನೂ ನಡೀತಾನೇ ಇದಾವೆ" ಎಂದು ನಮ್ಮಜ್ಜ ಮುದ್ದಯ್ಯ ನಗುತ್ತಿದ್ದ. ಮಲಗಿದ ಎಮ್ಮೆಗಳ ಹಾಗೆ ಸಾಲು ಸಾಲು ಗುಡ್ಡ, ಎಲ್ಲವೂ ಒಂದೇ ಕಡೆಗೆ ಮುಖ ಮಾಡಿಕೊಂಡು. ಒಂದು ಗುಡ್ಡ ದಾಟಿಹೋದ ಮೇಲೆ ಹಿಂದೆ ಬಿಟ್ಟುಹೋಗುವ ನೆಲ ಹಸಿ ಹಸಿಯಾಗಿ, ಕಪ್ಪಗೆ, ಆಗ ತಾನೇ ಹುಟ್ಟಿದ ಹಾಗಿರುತ್ತದೆ. ಅದರ ತುಂಬ ಉರುಟು ಕಲ್ಲುಗಳು: ಹಸಿರು, ತುಕ್ಕುಗೆಂಪು, ಹಾಲಿನ ಬಿಳುಪು. ಒಂದಕ್ಕೂ ಇನ್ನೊಂದಕ್ಕೂ ನೆಂಟಸ್ತನವಿಲ್ಲ. ನಾನು ಖಾರ ಅರೆಯುವ ಗುಂಡುಕಲ್ಲು ಯಾವ ಸೀಮೆಯ ಬೆಟ್ಟದ್ದೋ ಏನೋ. ದಿನಾ ಅದನ್ನು ಕೈಯಲ್ಲಿ ಹಿಡಿಯುವಾಗ ಒಂದು ಕ್ಷಣ ಮೈ ಜುಂ ಅನ್ನುತ್ತದೆ, ಈ ವಯಸ್ಸಿನಲ್ಲೂ.

ಗುಡ್ಡದ ವಿಷಯದಲ್ಲಿ ನಮ್ಮೂರಿನ ಕಟ್ಟಳೆ ಎರಡು. ಗುಡ್ಡದ ಬೆನ್ನ ಮೇಲೆ ಯಾರೂ ಕಾಲಿಡಕೂಡದು. ಗುಡ್ಡ ಬಿಟ್ಟುಕೊಟ್ಟ ಹೊಸ ನೆಲದಲ್ಲಿ ಗುಡ್ಡದ ಒಂದು ಹೆಜ್ಜೆಗೂ ಇನ್ನೊಂದು ಹೆಜ್ಜೆಗೂ ನಡುವೆ, ಅಂದರೆ ವರ್ಷಕ್ಕೆ, ಒಂದೇ ಒಂದು ಗುಂಡಿ ತೋಡಬೇಕು, ಎರಡನೆಯದು ತೋಡಬಾರದು. ನೆಲ ಇನ್ನೂ ಬಲಿತಿರುವುದಿಲ್ಲ ಅಂತ. ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತೇವೆ ಆ ನೆಲವನ್ನು.

ಇನ್ನು ನನ್ನ ವಿಷಯ. ನನ್ನ ಹೆಸರು ದೇವೀರಮ್ಮ. ಐವತ್ತೆಂಟು ವರ್ಷ ಈ ಊರಿನಲ್ಲಿ ನನ್ನನ್ನು 'ನೆಲ ಹೊತ್ತವಳು' ಎಂದು ಕರೆದರು. ಯಾವುದಾದರೂ ಮುಖ್ಯವಾದ ಜಾಗ ಗುಡ್ಡದಡಿಗೆ ಹೋಗುವ ಮುಂಚೆ ಏಳು ವರ್ಷದ ಒಂದು ಮಗುವನ್ನು ಆರಿಸುತ್ತಾರೆ. ಮನೆಯ ಒಬ್ಬ ಹಿರಿಯನ ಜೊತೆ ಆ ಮಗು ಬರಿಗಾಲಲ್ಲಿ ಗುರುತಿನ ಕಲ್ಲಿನಿಂದ ಆ ಜಾಗದವರೆಗೆ ಹೆಜ್ಜೆ ಎಣಿಸಿಕೊಂಡು ನಡೆಯಬೇಕು. ಗುಡ್ಡ ದಾಟಿ ನೆಲ ಹೊರಗೆ ಬಂದಾಗ ಆ ಮಗು ಮುದಿಯಾಗಿರುತ್ತದೆ. ಆಗ ಬಂದು ತೋರಿಸಬೇಕು, ಇಲ್ಲೇ ಅಂತ. ಲೆಕ್ಕ ಊರಿನದು, ಅಂಗಾಲು ಮಗುವಿನದು ಅನ್ನುತ್ತಾರೆ. ಅಂಗಾಲು ಮರೆಯಬಾರದು ಎಂದು ಆ ಮಗು ಬದುಕಿರುವವರೆಗೂ ಚಪ್ಪಲಿ ಮೆಟ್ಟುವ ಹಾಗಿಲ್ಲ.

ನನಗೆ ಸಿಕ್ಕಿದ್ದು ಸಿಹಿನೀರಿನ ಒರತೆ. ಊರಿಗೆ ಇದ್ದ ಒಂದೇ ಸಿಹಿನೀರು ಅದು. ಗುಡ್ಡ ಹತ್ತಿರ ಬಂದಾಗ ಹಿರಿಯರು ಅದರ ಬಾಯಿಗೆ ಒಂದು ದೊಡ್ಡ ಚಪ್ಪಡಿ ಮುಚ್ಚಿ, ಸಂದಿಗೆ ಜೇಡಿಮಣ್ಣು ಮೆತ್ತಿದರು. ಅಲ್ಲಿಂದಾಚೆಗೆ ಊರು ತಗ್ಗಿನ ಬಾವಿಯ ಉಪ್ಪುನೀರು ಕುಡಿಯುತ್ತಿದೆ. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ. ನಲವತ್ತು ದಾಟುವಷ್ಟರಲ್ಲಿ ಜನಕ್ಕೆ ಹೊಟ್ಟೆಯಲ್ಲಿ ಕಲ್ಲು ಕಟ್ಟುತ್ತದೆ, ಕಾಲು ಬಾತುಕೊಳ್ಳುತ್ತದೆ. ನನ್ನ ಗಂಡ ಹೋದದ್ದೂ ಹಾಗೆಯೇ. ಆದ್ದರಿಂದ ನನ್ನನ್ನು ಊರು ಅಂಗೈಯಲ್ಲಿಟ್ಟುಕೊಂಡು ಸಾಕಿತು. ಯಾರ ಮನೆಯ ಮದುವೆಯಾದರೂ ಮೊದಲ ಎಲೆ ನನಗೆ. ತಲೆಯ ಮೇಲೆ ಹೊರೆ ಹೊರಲು ಬಿಡುತ್ತಿರಲಿಲ್ಲ, ಎಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಮರೆತುಬಿಡುತ್ತೇನೋ ಅಂತ. ನನಗೆ ಒಂದು ಸಣ್ಣ ಜ್ವರ ಬಂದರೆ ಇಡೀ ಊರಿಗೆ ನಡುಕ. ಹಾದಿಯಲ್ಲಿ ಸಿಕ್ಕವರು ಮಾತಿಗೆ ಮುಂಚೆ ಕೇಳುತ್ತಿದ್ದರು, "ಎಷ್ಟು ದೇವೀರಿ?" "ನೂರ ನಲವತ್ತು." "ಹಾಂ, ನೂರು ವರ್ಷ ಬಾಳು!"

ನೂರ ನಲವತ್ತು ಅನ್ನುವುದು ನಿಜ. ಸುಳ್ಳು ಇದ್ದದ್ದು ಬೇರೆ ಕಡೆ. ಅಯ್ಯೋ, ಈಗ ಹೇಳುವುದು ಎಷ್ಟು ಸಲೀಸು!

ಅವತ್ತು ಬೆಳಗಿನ ಜಾವ ಅಜ್ಜನೂ ನಾನೂ ಇಬ್ಬರೇ ಹೋಗಿದ್ದೆವು, ಹೋಗಬೇಕಾದ್ದೂ ಇಬ್ಬರೇ. ಬಯಲಿನ ನಡುವೆ ಒಂಟಿಗುಂಡು ನಿಂತಿದೆ. ಮನೆಯಷ್ಟು ದೊಡ್ಡ ಬಂಡೆ. ಗುಡ್ಡಗಳು ನಡೆದರೂ ಅದು ಕದಲುವುದಿಲ್ಲ, ಗುಡ್ಡವೇ ಅದನ್ನು ಸುತ್ತಿ ಹಾಯ್ದು ಮುಂದೆ ಹೋಗುತ್ತದೆ. ಅದಕ್ಕೆ ಬೆನ್ನು ಕೊಟ್ಟು ಹೊರಡಬೇಕು. ನಾನು ಬೆನ್ನು ಕೊಟ್ಟು ನಿಂತೆ. ದಾರಿಯ ಪಕ್ಕದಲ್ಲೇ, ಮೂಡಲಿಗೆ, ಗುಡ್ಡ, ಒರತೆಗೆ ಇನ್ನೊಂದೇ ಹೆಜ್ಜೆಯ ದೂರದಲ್ಲಿ. ಅದರೊಳಗೆ ಕಲ್ಲುಗಳು ಸಣ್ಣಗೆ ಕಟಕಟ ಅನ್ನುತ್ತಿದ್ದವು, ನಾಳೆ ನಾಡಿದ್ದು ಹೊರಡಲು ಸಿದ್ಧವಾಗುತ್ತಿರುವ ಹಾಗೆ. ನನಗೆ ಕೈಕಾಲೇ ಬರಲಿಲ್ಲ. ಅಜ್ಜ ಗದರಿಸಿದ, ಬೆಲ್ಲ ಕೊಟ್ಟ, ಕೈ ಮುಗಿದ. ನಾನು ಅಳುತ್ತ ನಿಂತಲ್ಲೇ ಉಚ್ಚೆ ಹೊಯ್ದುಕೊಂಡೆ. ನಡೆಯದ ಮಗುವನ್ನು ಬಿಟ್ಟು ಬೇರೆ ಮನೆಯ ಮಗುವನ್ನು ಆರಿಸುತ್ತಾರೆ, ಮನೆತನದ ಮಾನ ಹೋಗುತ್ತದೆ. ಅಜ್ಜ ಅತ್ತಿತ್ತ ನೋಡಿದ. ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. "ಎಣಿಸು. ಯಾರಿಗೂ ಹೇಳ್ಬೇಡ. ನಾಳೆ ಬಂದು ನೀನೇ ನಡೆಯುವಂತೆ" ಅಂದ.

ಮಾರನೆಯ ದಿನ ಗುಡ್ಡ ಹೆಜ್ಜೆ ಇಟ್ಟುಬಿಟ್ಟಿತು. ಆ ವರ್ಷವೇ ಅಜ್ಜನೂ ತೀರಿಕೊಂಡ. ಅವನೇನು ಸಾಮಾನ್ಯ ಆಳೇ? ಊರಿಗೆಲ್ಲ ಎತ್ತರದವನು, ಬಾಗಿಲು ದಾಟಬೇಕಾದರೆ ಅರ್ಧ ಬಗ್ಗಬೇಕು. ಆ ನೂರ ನಲವತ್ತು ಅವನ ಹೆಜ್ಜೆ. ನನ್ನ ಅಂಗಾಲಿಗೆ ಏನೂ ಗೊತ್ತಿಲ್ಲ. ಆದರೂ ಐವತ್ತೆಂಟು ವರ್ಷ ನಾನು ಚಪ್ಪಲಿ ಮೆಟ್ಟಲಿಲ್ಲ, ಮುಳ್ಳು ಚುಚ್ಚಿಸಿಕೊಂಡು, ಹಿಮ್ಮಡಿ ಒಡೆಸಿಕೊಂಡು ಓಡಾಡಿದೆ.

ಕಳೆದ ವರ್ಷದ ಹೆಜ್ಜೆಗೆ ಒರತೆಯ ನೆಲ ಹೊರಗೆ ಬಂತು. ಊರಿಗೆ ಊರೇ ಬಯಲಿನಲ್ಲಿ ನೆರೆಯಿತು. ನಾನು ಒಂಟಿಗುಂಡಿಗೆ ಬೆನ್ನು ಕೊಟ್ಟು ನೂರ ನಲವತ್ತು ಹೆಜ್ಜೆ ನಡೆದು ನಿಂತೆ. ಅಜ್ಜನ ಹೆಜ್ಜೆಯ ಹಾಗೆ ಉದ್ದುದ್ದ ಇಡಲು ನೋಡಿದೆ, ಮೊಣಕಾಲು ಕೇಳಬೇಕಲ್ಲ! ಗುಂಡಿ ತೋಡುವ ಮೇಸ್ತ್ರಿ ದೊಡ್ಡೀರಯ್ಯ ಅಲ್ಲೇ ಹಾರೆ ನೆಟ್ಟ. ಎಂಟು ಆಳು ಹನ್ನೆರಡು ದಿನ ತೋಡಿದರು, ಬಂಡೆ ಕಂಡರೆ ಸುತ್ತಿ, ಗರಸು ಜರಿದರೆ ಹಲಗೆ ಕೊಟ್ಟು. ಏನೂ ಸಿಗಲಿಲ್ಲ. ಯಾರೂ ನನ್ನನ್ನು ಬಯ್ಯಲಿಲ್ಲ. ದೊಡ್ಡೀರಯ್ಯನಂತೂ, "ಇರ್ಲಿ ದೇವೀರತ್ತೆ, ಮುಂದಿನ ವರ್ಷ ನೋಡೋಣ" ಅಂದ. ಅವನ ಹೆಂಡತಿ ಪುಟ್ಟಲಕ್ಕಿ ಆಗಲೇ ಹಾಸಿಗೆ ಹಿಡಿದಿದ್ದಳು. ಮೂವತ್ತೆಂಟು ವರ್ಷದ ಹೆಂಗಸು, ಕಾಲು ಬಾತು ಒನಕೆಯ ಹಾಗಾಗಿತ್ತು. ಸಿಹಿನೀರು ಸಿಕ್ಕರೆ ಬದುಕಿಕೊಳ್ಳುತ್ತಾಳೆ ಎಂದು ಪಂಡಿತರು ಹೇಳಿದ್ದರು. ಅವನು ಬಯ್ದಿದ್ದರೆ ನಾನು ಅವತ್ತೇ ಬಾಯಿಬಿಡುತ್ತಿದ್ದೆನೋ ಏನೋ. ಅವನು ಬಯ್ಯಲಿಲ್ಲ, ನಾನೂ ಬಾಯಿಬಿಡಲಿಲ್ಲ.

ಈ ವರ್ಷದ ಹೆಜ್ಜೆ ಆದ ಮೇಲೆ ಯಜಮಾನ ಕೆಂಚಪ್ಪನಿಗೆ ಇದ್ದಕ್ಕಿದ್ದ ಹಾಗೆ ಬುದ್ಧಿ ಹೊಳೆಯಿತು. "ಅಲ್ಲ ಕಣ್ರಯ್ಯ, ಅವಳು ಎಣಿಸಿದ್ದು ಏಳು ವರ್ಷದವಳಾಗಿದ್ದಾಗ. ಮಗುವಿನ ಹೆಜ್ಜೆ ಎಷ್ಟುದ್ದ, ಮುದುಕಿ ಹೆಜ್ಜೆ ಎಷ್ಟುದ್ದ? ನಾವು ಎಂಥ ಪೆದ್ದರು!" ಊರಿಗೆ ಊರೇ ಹಣೆ ಹಣೆ ಬಡಿದುಕೊಂಡು ನಕ್ಕಿತು. ಏಳು ವರ್ಷದ ಚೆಲುವಿಯನ್ನು ಕರೆತಂದರು. ಎಣ್ಣೆ ಹಚ್ಚಿ ಜಡೆ ಹಾಕಿದ, ಮುಂದಿನ ಹಲ್ಲು ಬಿದ್ದ ಹುಡುಗಿ. ಅವಳು ಒಂಟಿಗುಂಡಿಗೆ ಬೆನ್ನು ಕೊಟ್ಟು ಹೊರಟಳು, ಒಂದೊಂದು ಹೆಜ್ಜೆಗೂ ಜೋರಾಗಿ ಎಣಿಸುತ್ತ, ತಪ್ಪೀತು ಎಂದು ಮುಷ್ಟಿ ಬಿಗಿಹಿಡಿದುಕೊಂಡು. ನೂರ ನಲವತ್ತಕ್ಕೆ ನಿಂತು ನನ್ನ ಕಡೆ ತಿರುಗಿದಳು. "ಸರಿಯಾಯ್ತಾ ಅಜ್ಜಿ?" ಅಂದಳು.

ಅವಳು ನಿಂತದ್ದು ಒಂಟಿಗುಂಡಿನ ಹತ್ತಿರ, ತೀರಾ ಹತ್ತಿರ. ಅಲ್ಲಿ ನೀರಿಲ್ಲ ಎಂದು ನನಗೆ ನನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತು. ದೊಡ್ಡೀರಯ್ಯ ಹಾರೆ ಎತ್ತಿಕೊಂಡು ಬಂದ. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಗುಂಡಿಯಲ್ಲಿ ನೀರು ಸಿಗದಿದ್ದರೆ ಊರವರು ಈ ಸಲ ಹೇಳುತ್ತಿದ್ದದ್ದು ಚೆಲುವಿ ತಪ್ಪು ಎಣಿಸಿದಳು ಅಂತ. ಅವಳ ಮದುವೆಗೂ ಹೇಳುತ್ತಿದ್ದರು, ಅವಳ ಸಾವಿಗೂ ಹೇಳುತ್ತಿದ್ದರು. ಆ ಮಗು ನನ್ನನ್ನೇ ನೋಡುತ್ತ ನಿಂತಿತ್ತು. 

"ದೊಡ್ಡೀರಾ, ನಿಲ್ಸೋ" ಅಂದೆ.

"ಯಾಕತ್ತೆ?"

"ಅಲ್ಲಿ ಹಾರೆ ಹಾಕ್ಬೇಡ. ಅಲ್ಲಿ ನೀರಿಲ್ಲ. ನಾನು ಅವತ್ತು ನಡೀಲೇ ಇಲ್ಲ ಕಣಪ್ಪ. ಹೆದರ್ಕೊಂಡು ನಿಂತ್ಬಿಟ್ಟೆ. ಅಜ್ಜ ನನ್ನ ಹೆಗಲ ಮೇಲೆ ಹೊತ್ಕೊಂಡು ಹೋದ. ಆ ನೂರ ನಲವತ್ತು ನಂದಲ್ಲ, ಅವನ್ದು."

 ಕೆಂಚಪ್ಪ ಕೋಲು ನೆಲಕ್ಕೆ ಕುಟ್ಟಿದ. "ಐವತ್ತೆಂಟು ವರ್ಷ! ಐವತ್ತೆಂಟು ವರ್ಷ ಇಡೀ ಊರನ್ನ ಮಂಗ ಮಾಡಿದ್ಯಲ್ಲೇ ದೇವೀರಿ!" ಹಿಂದಿನಿಂದ ಯಾರೋ ಹೆಂಗಸು, "ಅಯ್ಯೋ ನಮ್ಮವ್ವ, ಹಾಗಿದ್ರೆ ಚಪ್ಪಲಿನಾದ್ರೂ ಹಾಕ್ಕೋಬೋದಿತ್ತಲ್ಲ!" ಅಂದಳು. ಒಂದಿಬ್ಬರು ನಕ್ಕರು, ಉಳಿದವರು ನಗಲಿಲ್ಲ. ದೊಡ್ಡೀರಯ್ಯ ಹಾರೆ ಕೆಳಗಿಟ್ಟು ನನ್ನ ಹತ್ತಿರ ಬಂದ. 

"ಹೋದ ವರ್ಷ ಯಾಕೆ ಹೇಳ್ಲಿಲ್ಲ?" ಅಂದ. ಅತ್ತೆ ಅನ್ನಲಿಲ್ಲ.

 ಮಾನಕ್ಕೆ ಅಂಜಿದೆ ಅನ್ನಲೇ? ಮೊದಲ ಎಲೆಗೆ ಆಸೆಪಟ್ಟೆ ಅನ್ನಲೇ? ತಲೆ ತಗ್ಗಿಸಿದೆ. ಆದರೆ ಹೇಳಬೇಕಾದ್ದು ಇನ್ನೊಂದು ಉಳಿದಿತ್ತು, ಅಜ್ಜ ಹೊತ್ತುಕೊಂಡು ಹೋದದ್ದನ್ನು ಹೇಳದೆ ಅದನ್ನು ಹೇಳುವ ಹಾಗೆಯೇ ಇರಲಿಲ್ಲ.

"ನನ್ನ ಅಂಗಾಲಿಗೆ ಏನೂ ಗೊತ್ತಿಲ್ಲ ದೊಡ್ಡೀರಾ, ಆದ್ರೆ ನನ್ನ ಕಣ್ಣಿಗೆ ಗೊತ್ತು. ಮೇಲಿಂದ ನಾನೊಂದು ನೋಡಿದೀನಿ. ಅದು ಕಾಣ್ಬೇಕಾದ್ರೆ ನನ್ನ ಯಾರಾದ್ರೂ ಎತ್ಬೇಕು."

"ಈ ಮುದುಕಿಗೆ ತಲೆ ಕೆಟ್ಟಿದೆ" ಅಂದ ಕೆಂಚಪ್ಪ.  ಊರಿನಲ್ಲಿ ಈಗ ಅಜ್ಜನಷ್ಟು ಎತ್ತರ ಇರುವವನು ದೊಡ್ಡೀರಯ್ಯ ಒಬ್ಬನೇ. ಅವನು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. "ಹತ್ತು" ಅಂದ.

ಅರವತ್ತೈದು ವರ್ಷದ ಮುದುಕಿ ಸೀರೆ ಕಚ್ಚೆ ಕಟ್ಟಿಕೊಂಡು ಮಗನ ವಯಸ್ಸಿನ ಗಂಡಸಿನ ಹೆಗಲ ಮೇಲೆ ಕೂತಳು. ನಗುವವರು ನಗಲಿ ಅಂದುಕೊಂಡೆ. ಒಂಟಿಗುಂಡನ್ನು ಬಿಟ್ಟು ಅವನು ನಡೆದ, ನಾನು ಅವನ ತಲೆ ಹಿಡಿದುಕೊಂಡು ಹಿಂದಕ್ಕೆ ತಿರುಗಿ ಉತ್ತರಕ್ಕೆ ನೋಡುತ್ತಿದ್ದೆ. ಗುಡ್ಡದ ಹಿಂದೆ ಗುಡ್ಡ, ಗುಡ್ಡದ ಹಿಂದೆ ಗುಡ್ಡ. ಅವುಗಳ ನಡುವೆ ಒಂದು ಸಂದು. ಅವತ್ತು ಆ ಸಂದಿನಲ್ಲಿ ಕಂಡದ್ದು ಇವತ್ತು ಕಾಣಲಿಲ್ಲ.  ಆಮೇಲೆ ತಿಳಿಯಿತು, ಐವತ್ತೆಂಟು ಹೆಜ್ಜೆ ನಡೆದು ಹಿಂದಿನ ಗುಡ್ಡಗಳು ಇತ್ತ ಬಂದಿವೆ, ಅವುಗಳ ತಲೆ ಅಡ್ಡವಾಗಿದೆ. "ಸಾಲ್ದು ದೊಡ್ಡೀರಾ, ಇನ್ನೂ ಎತ್ತರ ಬೇಕು" ಅಂದೆ. ಇಬ್ಬರು ಆಳುಗಳು ಆಚೀಚೆ ನಿಂತು ನನ್ನ ಕೈ ಹಿಡಿದರು. ದೊಡ್ಡೀರಯ್ಯ ಉತ್ತರಕ್ಕೆ ಮುಖ ಮಾಡಿ ನಿಂತ, ನಾನು ಅವನ ಹೆಗಲ ಮೇಲೆ ಕಾಲಿಟ್ಟು, ನಡುಗುತ್ತ, ದೇವರೇ ದೇವರೇ ಅನ್ನುತ್ತ, ಎದ್ದು ನಿಂತೆ.

ಕಂಡಿತು. ಅಯ್ಯೋ, ಕಂಡಿತು! ಗುಡ್ಡಗಳೆಲ್ಲ ಮುಗಿದ ಮೇಲೆ, ಭೂಮಿಯೇ ಮುಗಿಯಿತು ಅನ್ನುವ ಕಡೆ, ಬಿಳಿ. ಮೋಡವಲ್ಲ. ಎರಡು ಕೊಂಬಿನ ಬೆಟ್ಟ, ಬುಡದಿಂದ ತುದಿಯವರೆಗೂ ಹಿಮ, ಬಿಸಿಲಿಗೆ ಉರಿಯುತ್ತಿತ್ತು. ಅದರ ಮಡಿಲಿನಿಂದ ಬಿಳಿಯ ಹಾದಿಯೊಂದು ನಮ್ಮ ಕಡೆಗೇ ಇಳಿದು ಬಂದು ನಡುವೆ ನಿಂತುಹೋಗಿತ್ತು. ಹಿಮ ಕರಗಿಹೋಗಿರಲಿಲ್ಲ. ಅಲ್ಲೇ ಇತ್ತು, ಈ ಗುಡ್ಡಗಳನ್ನೆಲ್ಲ ತಂದು ಇಲ್ಲಿಟ್ಟು ಅಲ್ಲಿ ಕೂತಿತ್ತು. ಏಳು ವರ್ಷದವಳಾಗಿದ್ದಾಗ ನೋಡಿ ಅಳು ನಿಲ್ಲಿಸಿದ್ದೆ. ಈಗ ನೋಡಿ ಅಳು ಬಂತು. ನನ್ನ ಕಾಲ ಕೆಳಗಿನ ಒಂದೊಂದು ಕಲ್ಲೂ ಅಲ್ಲಿಂದ ಇಲ್ಲಿಯವರೆಗೆ ಬಂದದ್ದು ಎಂದುಕೊಂಡಾಗ ನಾನು ಎಷ್ಟು ಸಣ್ಣವಳು ಅನ್ನಿಸಿತು, ಆದರೆ ಭಯವಾಗಲಿಲ್ಲ.

"ಏನು ಕಾಣ್ತಿದೆ?" ಕೆಳಗಿನಿಂದ ದೊಡ್ಡೀರಯ್ಯ ಏದುಸಿರು ಬಿಡುತ್ತ ಕೇಳಿದ.

"ಆಮೇಲೆ ಹೇಳ್ತೀನಿ. ಹಿಂದಕ್ಕೆ ಹೆಜ್ಜೆ ಇಡು. ನಿಧಾನ." ಅವತ್ತು ಒರತೆಯ ಹತ್ತಿರ ಅಜ್ಜ ನಿಂತಾಗ ಒಂಟಿಗುಂಡು ಆ ಎರಡು ಕೊಂಬುಗಳ ನಡುವೆ ಸರಿಯಾಗಿ ಕೂತಿತ್ತು, ಬೆರಳು ತೂರಿಸಲೂ ಸಂದಿಲ್ಲದ ಹಾಗೆ. ಹತ್ತಿರ ಇದ್ದಾಗ ಗುಂಡು ಎರಡು ಕೊಂಬನ್ನೂ ನುಂಗಿಬಿಡುತ್ತಿತ್ತು. ದೂರ ಹೋದಷ್ಟೂ ಅದು ಸಣ್ಣದಾಗುತ್ತ ಬಂತು. "ಎಡಕ್ಕೆ. ಇನ್ನೊಂಚೂರು. ಹಿಂದಕ್ಕೆ ಬಾ, ಬಾ..." ಮೊದಲು ಒಂದು ಕೊಂಬು ಈಚೆ ಬಂತು. ಆಮೇಲೆ ಇನ್ನೊಂದು. ನಡುವೆ ಗುಂಡು ಹೋಗಿ ಕೂತಿತು.

"ಇಲ್ಲೇ" ಅಂದೆ. "ಇಲ್ಲೇ ದೊಡ್ಡೀರಾ. ಈ ಸಲ ಸುಳ್ಳಲ್ಲ."

ಹೋದ ವರ್ಷದ ಗುಂಡಿಯಿಂದ ಅದು ಇಪ್ಪತ್ತು ಮಾರು ಆಚೆ ಇತ್ತು. ಕೆಂಚಪ್ಪ ಬೇಡವೆಂದ, ಸುಳ್ಳು ಹೇಳಿದವಳ ಮಾತಿಗೆ ವರ್ಷದ ಗುಂಡಿ ಹಾಳು ಮಾಡುವುದೇ ಎಂದ.  ದೊಡ್ಡೀರಯ್ಯ ನನ್ನನ್ನು ಇಳಿಸಿ, ನಾನು ನಿಂತಲ್ಲೇ ಹಾರೆ ನೆಟ್ಟ. ಹನ್ನೊಂದು ದಿನ ತೋಡಿದರು. ಆ ಹನ್ನೊಂದು ದಿನ ಊರಿನಲ್ಲಿ ಯಾರೂ ನನ್ನನ್ನು ಮಾತಾಡಿಸಲಿಲ್ಲ. ನಾನು ದಿನಾ ಬೆಳಿಗ್ಗೆ ಹೋಗಿ ಗುಂಡಿಯ ದಂಡೆಯ ಮೇಲೆ ಕೂರುತ್ತಿದ್ದೆ, ಸಂಜೆ ಎದ್ದು ಬರುತ್ತಿದ್ದೆ. ಚೆಲುವಿ ಮಾತ್ರ ಬಂದು ಪಕ್ಕದಲ್ಲಿ ಕೂತು, ಮೇಲೆ ಏನು ಕಂಡಿತು ಎಂದು ನೂರು ಸಲ ಕೇಳಿದಳು. ನೂರು ಸಲವೂ ಹೇಳಿದೆ.

ಹನ್ನೊಂದನೆಯ ದಿನ ಮಧ್ಯಾಹ್ನ ಹಾರೆ ಠಣ್ ಅಂದಿತು. ಚಪ್ಪಡಿ. ಮೆತ್ತಿದ ಜೇಡಿಮಣ್ಣಿನ ಮೇಲೆ ನಮ್ಮ ಹಿರಿಯರ ಬೆರಳ ಗುರುತುಗಳು ಹಾಗೇ ಇದ್ದವು. ಆರು ಜನ ಹಗ್ಗ ಕಟ್ಟಿ ಎಳೆದರು. ಚಪ್ಪಡಿ ಒಂದು ಗೇಣು ಸರಿಯಿತು, ಕೆಳಗಿನಿಂದ ತಣ್ಣನೆಯ ಗಾಳಿ ಬಂತು, ಅದರ ಹಿಂದೆಯೇ ನೀರು. ಕುದಿಯುವ ಹಾಗೆ ಬುಳುಬುಳು ಎಂದು ಮೇಲಕ್ಕೆದ್ದಿತು. ಎಲ್ಲರೂ ಕೂಗಿದರು, ಯಾರು ಯಾರನ್ನೋ ಅಪ್ಪಿಕೊಂಡರು, ಕೆಂಚಪ್ಪ ಬೊಗಸೆ ತುಂಬ ಕುಡಿದು ಅಲ್ಲೇ ಕೆಸರಿನಲ್ಲಿ ಕೂತು ಗೊಳೋ ಎಂದು ಅತ್ತ. ದೊಡ್ಡೀರಯ್ಯ ಒಂದು ಹನಿ ಕುಡಿಯಲಿಲ್ಲ. ಬಿಂದಿಗೆ ಮುಳುಗಿಸಿಕೊಂಡು ಮನೆಗೆ ಓಡಿದ.

ಪುಟ್ಟಲಕ್ಕಿ ಕುಡಿದಳು. ಪಂಡಿತರು ಬಂದು ಅವಳ ಕಾಲು ಒತ್ತಿ ನೋಡಿ, ಅವನನ್ನು ಹೊರಗೆ ಕರೆದು, ಒಂದು ವರ್ಷ ಮುಂಚೆ ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ಹೇಳಿದರಂತೆ. ಈಗ ದೇವರ ಚಿತ್ತ ಅಂದರಂತೆ. ಇದನ್ನು ಯಾರೂ ನನಗೆ ಬಂದು ಹೇಳಲಿಲ್ಲ. ಬೀದಿಯಲ್ಲಿ ಹೆಂಗಸರು ಮಾತಾಡಿಕೊಳ್ಳುವುದು ಕಿವಿಗೆ ಬಿತ್ತು. ನಾನು ಅವತ್ತು ಊಟ ಮಾಡಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ದೊಡ್ಡೀರಯ್ಯ ನನ್ನ ಬಾಗಿಲಿಗೆ ಬಂದ. "ಬಾ" ಅಂದ, ಅಷ್ಟೇ. ಹಿಂದೆ ಹಿಂದೆ ಹೋದೆ. ಒರತೆಯ ಪಕ್ಕದಲ್ಲಿ, ತೋಡಿ ಹಾಕಿದ ಮಣ್ಣಿನ ದಿಬ್ಬದ ಹತ್ತಿರ, ಎತ್ತಿನಗಾಡಿಯ ಮೇಲೆ ಕಂಬಳಿ ಹೊದ್ದು ಪುಟ್ಟಲಕ್ಕಿ ಕೂತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. "ಎಲ್ಲರೂ ಆ ಹಿಮದ ಬೆಟ್ಟದ ವಿಷ್ಯ ಹೇಳ್ತಿದಾರೆ, ಇವಳೂ ನೋಡ್ಬೇಕಂತೆ" ಅಂದ ಅವನು ನೆಲ ನೋಡುತ್ತ. "ಯಾವ ಕಡೆ ತಿರುಗಿ ನಿಲ್ಬೇಕು ಹೇಳು."

ಹೇಳಿದೆ. ಅವನು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ದಿಬ್ಬ ಹತ್ತಿದ. ಬಾತ ಕಾಲುಗಳನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದ, ನೋಯದ ಹಾಗೆ. ದಿಬ್ಬದ ಎತ್ತರವೂ ಸೇರಿದ್ದರಿಂದ ಅವಳು ನಿಲ್ಲಬೇಕಾಗಲಿಲ್ಲ. ಅವಳು ಉತ್ತರಕ್ಕೆ ತಿರುಗಿದಳು. ಹೊದ್ದಿದ್ದ ಕಂಬಳಿ ಜಾರಿ ಬಿತ್ತು, ಎತ್ತಿಕೊಳ್ಳಲಿಲ್ಲ.  ಎಷ್ಟೋ ಹೊತ್ತು ಅವನು ಹಾಗೇ ನಿಂತಿದ್ದ, ಅವಳು ಹಾಗೇ ನೋಡುತ್ತಿದ್ದಳು, ಒರತೆಯ ನೀರು ಬುಳುಬುಳು ಅನ್ನುತ್ತಿತ್ತು.

ಕೊನೆಗೆ ಅವಳು ಮೇಲಿನಿಂದಲೇ ನನ್ನ ಕಡೆ ನೋಡಿದಳು. ಬಯ್ಯುತ್ತಾಳೆ ಅಂದುಕೊಂಡೆ, ಬಯ್ಯಲಿ ಎಂದು ಬೇಡಿಕೊಂಡೆ.

"ದೇವೀರತ್ತೆ," ಅಂದಳು, "ಇಷ್ಟು ದೊಡ್ಡದನ್ನ ಇಷ್ಟು ವರ್ಷ ಒಬ್ಳೇ ಹೆಂಗೆ ಇಟ್ಕೊಂಡಿದ್ದೆ?"

ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಆ ಹಸಿ ಮಣ್ಣಿನ ಮೇಲೆ ಕೂತುಬಿಟ್ಟೆ.